ಅಕ್ಕನ ಬಲೂನು, ನಾನು ಹಾಕಿದ ಗೇಟು

ಅಕ್ಕ ತನ್ನ ಜೀವನದಲ್ಲಿ ಫೇಲಾದದ್ದು ಒಂದೇ ಒಂದು ಪರೀಕ್ಷೆಯಲ್ಲಿ, ಕಾರು ಓಡಿಸುವ ಪರೀಕ್ಷೆಯಲ್ಲಿ. ಪರ್ತ್‌ನಲ್ಲಿ ಅವಳು ಅದಕ್ಕೆ ಮತ್ತೆ ಮತ್ತೆ ಕೂತಳು, ಮತ್ತೆ ಮತ್ತೆ ಬಿದ್ದಳು. ಮೈಸೂರಿನಲ್ಲಿ ಮೆಡಿಕಲ್ ಓದಿ ಚಿನ್ನದ ಪದಕ ತಂದವಳು, ಎರಡು ಕಾರುಗಳ ನಡುವಿನ ಜಾಗಕ್ಕೆ ಇನ್ನೊಂದು ಕಾರನ್ನು ಹಿಂದಕ್ಕೆ ತಂದು ನಿಲ್ಲಿಸಲಾರದೆ ಹೋದಳು. ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ಅಮ್ಮ ಹಾಸಿಗೆ ಹಿಡಿದಾಗ ಯಾರಾದರೂ ಒಬ್ಬರು ಒಲೆಯ ಮುಂದೆ ನಿಲ್ಲಬೇಕಾಗಿತ್ತು. ಅಕ್ಕ ಓದಿನಲ್ಲಿ ಮುಂದಿದ್ದಳು, ನಾನು ಸಾರಿನಲ್ಲಿ ಮುಂದಿದ್ದೆ. ಆದರೆ ಪರ್ತ್‌ನ ಡ್ರೈವಿಂಗ್ ಪರೀಕ್ಷೆಯನ್ನು ನಾನು ಮೊದಲ ಸಲಕ್ಕೇ ಪಾಸು ಮಾಡಿದೆ. ಆ ದಿನ ಅಕ್ಕ ಸಂತೋಷದಿಂದ ಪಾಯಸ ಮಾಡಿಸಿದಳು, ಅದನ್ನೂ ನನ್ನ ಕೈಲೇ.

ಎಪ್ಪತ್ತರ ದಶಕದ ನಡುವಿನ ಮಾತು. ಅಕ್ಕ ಮೊದಲು ಹೋಗಿ ಅಲ್ಲಿನ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದಳು. ಅಪ್ಪನೂ ತೀರಿಕೊಂಡ ಮೇಲೆ ನನಗೆ ಟಿಕೆಟ್ ಕಳಿಸಿದಳು. ಅಡುಗೆಗೆ ಒಬ್ಬಳು ಬೇಕಿತ್ತು, ಜಗಳಕ್ಕೆ ಒಬ್ಬಳು ಬೇಕಿತ್ತು, ಎರಡೂ ಒಂದೇ ಟಿಕೆಟ್ಟಿನಲ್ಲಿ ಬಂತು ಎಂದು ಮನೆಗೆ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಇಬ್ಬರಿಗೂ ಮದುವೆಯಾಗಿರಲಿಲ್ಲ. ಅವಳಿಗೆ ಪುರುಸೊತ್ತಿರಲಿಲ್ಲ, ನನ್ನನ್ನು ಯಾರೂ ಕೇಳಿರಲಿಲ್ಲ.

ಆಪರೇಷನ್ನಿಗೆ ಮುಂಚೆ ರೋಗಿಗಳಿಗೆ ಎಚ್ಚರ ತಪ್ಪಿಸುವುದು ಅಕ್ಕನ ಕೆಲಸ. ಸೂಜಿ ಚುಚ್ಚುವ ಹೊತ್ತಿಗೆ ನಿಮಗೆ ತುಂಬ ಇಷ್ಟವಾದದ್ದೇನಾದರೂ ಹೇಳಿ ಎಂದು ಅವರನ್ನು ಮಾತಿಗೆಳೆಯುತ್ತಿದ್ದಳು. ಒಬ್ಬರು ತೋಟದ ಗುಲಾಬಿಯ ಬಗ್ಗೆ, ಇನ್ನೊಬ್ಬರು ಮೊಮ್ಮಗಳ ಬಗ್ಗೆ ಹೇಳುತ್ತ ಹೇಳುತ್ತ ನಿದ್ದೆ ಹೋಗುತ್ತಿದ್ದರು. ಒಂದು ದಿನ ಪಾದದ ಕೀಲು ಮುರಿದುಕೊಂಡು ಬಂದ ಒಬ್ಬಾತ, ಬಿಸಿಗಾಳಿಯ ಬಲೂನಿನಲ್ಲಿ ಗೋಧಿ ಹೊಲಗಳ ಮೇಲೆ ಸದ್ದಿಲ್ಲದೆ ತೇಲುವುದು ಎಂದನಂತೆ. ಕಾಲು ಹೇಗೆ ಮುರಿಯಿತು ಎಂದು ಕೇಳಿದರೆ, ಅದನ್ನು ಇಳಿಸುವಾಗ ಎಂದನಂತೆ. ಬುದ್ಧಿ ಇರುವ ಯಾರಾದರೂ ಆ ವಿಷಯವನ್ನು ಅಲ್ಲಿಗೇ ಬಿಡುತ್ತಿದ್ದರು. ಅಕ್ಕ ಬಿಡಲಿಲ್ಲ. ಅವನ ಕಾಲು ಸರಿಹೋದ ಮೇಲೆ ಒಂದು ಬೆಳಗಿನ ಜಾವ ನನ್ನ ಕೈಲಿ ಕಾರು ಓಡಿಸಿಕೊಂಡು ಪರ್ತ್‌ನ ಪೂರ್ವಕ್ಕಿರುವ ಗೋಧಿ ಸೀಮೆಗೆ ಹೋಗಿ, ಅವನ ಜೊತೆ ಬುಟ್ಟಿ ಹತ್ತಿ, ಒಂದು ಗಂಟೆ ಕಾಣೆಯಾದಳು. ಇಳಿದು ಬಂದಾಗ ಅವಳ ಮುಖ ನೋಡಬೇಕಿತ್ತು.

"ಅದಕ್ಕೆ ಸ್ಟೀರಿಂಗೇ ಇಲ್ಲ ಕಣೇ," ಅಂದಳು.

ಅಲ್ಲಿಗೆ ನನಗೆಲ್ಲ ಅರ್ಥವಾಯಿತು. ಹಿಂದಕ್ಕೆ ತಂದು ನಿಲ್ಲಿಸಬೇಕಾದ ಅಗತ್ಯವೇ ಇಲ್ಲದ ಒಂದು ವಾಹನ ಕೊನೆಗೂ ಅಕ್ಕನಿಗೆ ಸಿಕ್ಕಿತ್ತು.

ಪರ್ತ್‌ನಲ್ಲಿ ಅದು ಅಲ್ಲಿಗೇ ನಿಂತಿತು. ಮುಂದೆ ಅಡಿಲೇಡಿನ ಬೆಡ್‌ಫರ್ಡ್ ಪಾರ್ಕ್‌ನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ, ಹತ್ತಿರದಲ್ಲೇ ಮನೆ ಮಾಡಿದ ಮೇಲೆ ಅಕ್ಕ ಕಲಿಸುವವರನ್ನು ಹುಡುಕಿಕೊಂಡಳು. ಅವರು ವಾರವೆಲ್ಲ ಹೈಸ್ಕೂಲಿನಲ್ಲಿ ಮಕ್ಕಳಿಗೆ ಮರಗೆಲಸ ಹೇಳಿಕೊಡುತ್ತಿದ್ದರು, ಶನಿವಾರ ಭಾನುವಾರ ದೊಡ್ಡವರಿಗೆ ಬಲೂನು. ನಾನು ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದೆ. ಅದು ಬೈಗುಳವಲ್ಲ ತಾನೇ ಎಂದು ಅವರು ಒಮ್ಮೆ ಅಕ್ಕನನ್ನು ಗುಟ್ಟಾಗಿ ವಿಚಾರಿಸಿಕೊಂಡಿದ್ದರಂತೆ.

ಗಾಳಿ ಮೆತ್ತಗಿರುವುದು ಬೆಳಗಿನ ಜಾವದಲ್ಲಿ ಮಾತ್ರ. ಹೀಗಾಗಿ ಕತ್ತಲಲ್ಲೇ ಮನೆ ಬಿಟ್ಟು ಊರಿನ ಉತ್ತರಕ್ಕೆ ಹೋಗುತ್ತಿದ್ದೆವು. ಮೊದಲ ದಿನ ನಾನು ನೈಲಾನ್ ಸೀರೆ ಉಟ್ಟು ಹೋಗಿದ್ದೆ. ಬಲೂನಿನ ಗಾಳಿ ಕಾಯಿಸುವ ಬರ್ನರಿನ ಉರಿ ಆಳೆತ್ತರ ಏಳುತ್ತದೆ, ನೈಲಾನಾದರೆ ಮೈಗೇ ಕರಗಿ ಅಂಟಿಕೊಳ್ಳುತ್ತದೆ ಎಂದು ಮೇಷ್ಟ್ರು ನನ್ನನ್ನು ದೂರ ನಿಲ್ಲಿಸಿದರು. ಮುಂದಿನ ವಾರದಿಂದ ಅಕ್ಕನ ಹತ್ತಿಯ ಪ್ಯಾಂಟು. ಅಕ್ಕ ನನಗಿಂತ ಅರ್ಧ ಅಡಿ ಎತ್ತರ, ಹಾಗಾಗಿ ಕಾಲು ಮಡಚಿ ಮಡಚಿ ನನ್ನ ಕಣಕಾಲಿನಲ್ಲಿ ಎರಡು ಸಿಂಬಿಗಳಿದ್ದಂತೆ ಕಾಣುತ್ತಿತ್ತು.

ಕಲಿಯುವುದು ನಾವು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಗಾಳಿಯ ಪಾಠ, ಮೋಡದ ಪಾಠ, ಆಕಾಶದ ಕಾನೂನು, ಎಲ್ಲಕ್ಕೂ ಪುಸ್ತಕ, ಎಲ್ಲಕ್ಕೂ ಪರೀಕ್ಷೆ. ಮೇಷ್ಟ್ರ ಜೊತೆ ಇಷ್ಟು ಗಂಟೆ ಹಾರಬೇಕು, ಆಮೇಲೆ ಒಬ್ಬಳೇ ಹಾರಬೇಕು, ಎಲ್ಲ ಮುಗಿದ ಮೇಲೆ ಬೇರೊಬ್ಬ ಪರೀಕ್ಷಕರು ಬುಟ್ಟಿಯಲ್ಲಿ ಜೊತೆಗೆ ನಿಂತು ನೋಡಿ ಒಪ್ಪಿದರೆ ಲೈಸೆನ್ಸು. ಬಲೂನಿಗೆ ಸ್ಟೀರಿಂಗ್ ಇಲ್ಲ ಅಂದೆನಲ್ಲ, ಅದನ್ನು ತಿರುಗಿಸುವುದು ಗಾಳಿ. ಒಂದೊಂದು ಎತ್ತರದಲ್ಲಿ ಗಾಳಿ ಒಂದೊಂದು ದಿಕ್ಕಿಗೆ ಹೋಗುತ್ತಿರುತ್ತದೆ, ಬೇಕಾದ ಗಾಳಿ ಸಿಗುವ ತನಕ ಏರಿ ಇಳಿದು ಹುಡುಕಬೇಕು. ಉರಿ ಕೊಟ್ಟ ತಕ್ಷಣ ಅದು ಏರುವುದೂ ಇಲ್ಲ, ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಏರುತ್ತದೆ. ಹೊಸಬರು ತಾಳ್ಮೆಗೆಟ್ಟು ಇನ್ನಷ್ಟು ಉರಿ ಕೊಟ್ಟು ಮುಗಿಲಿಗೆ ಹೋಗಿಬಿಡುತ್ತಾರೆ. ಅಕ್ಕ ಮಾತ್ರ ಮೊದಲಿನಿಂದಲೂ ಅಳತೆ ತಪ್ಪಲಿಲ್ಲ. ಮೇಷ್ಟ್ರಿಗೆ ಆಶ್ಚರ್ಯ. ಅಕ್ಕ ಹೇಳಿದ್ದು, ಔಷಧಿ ಕೊಟ್ಟ ಮೇಲೆ ಅದು ಹತ್ತುವ ತನಕ ಕಾಯುವುದೇ ತನ್ನ ದಿನನಿತ್ಯದ ಕೆಲಸ ಎಂದು. ನನ್ನನ್ನು ಕೇಳಿದ್ದರೆ, ಹಾಲು ಉಕ್ಕುವ ಮುಂಚೆಯೇ ಉರಿ ತಗ್ಗಿಸಬೇಕು ಎನ್ನುವುದು ಯಾರಿಗೆ ಗೊತ್ತಿಲ್ಲ ಎನ್ನುತ್ತಿದ್ದೆ. ಅಕ್ಕ ಹಾಲು ಕಾಯಿಸಿದಾಗಲೆಲ್ಲ ಅದು ಉಕ್ಕಿ ಹೋಗಿದೆ, ಆ ಮಾತು ಬೇರೆ.

ನನ್ನ ಕೆಲಸ ಗಾಡಿಯದು. ಹಿಂದೆ ಟ್ರೈಲರ್ ಕಟ್ಟಿದ ದೊಡ್ಡ ಗಾಡಿ. ಬಲೂನು ಎಲ್ಲಿ ಇಳಿಯುತ್ತದೆಂದು ಮೇಲಿರುವವರಿಗೇ ಸರಿಯಾಗಿ ಗೊತ್ತಿರುವುದಿಲ್ಲ. ಕೆಳಗಿನವರು ಒಂದು ಕಣ್ಣು ಆಕಾಶದ ಮೇಲೆ, ಒಂದು ಕಣ್ಣು ರಸ್ತೆಯ ಮೇಲೆ ಇಟ್ಟು, ತೊಡೆಯ ಮೇಲೆ ನಕ್ಷೆ ಹರಡಿಕೊಂಡು ಹಿಂಬಾಲಿಸಬೇಕು. ಇಳಿದ ಮೇಲೆ ಅಲ್ಲಿಗೆ ತಲುಪಬೇಕು, ಬಟ್ಟೆ ಸುತ್ತಿ ಬುಟ್ಟಿ ಎತ್ತಿ ಟ್ರೈಲರಿಗೆ ಹಾಕಬೇಕು. ಇಂಗ್ಲಿಷ್ ಓದಲು ತಡವರಿಸುತ್ತಿದ್ದ ನಾನು ನಕ್ಷೆಯನ್ನು ಮಾತ್ರ ಬೇಗ ಕಲಿತೆ. ಗಾಡಿಯಲ್ಲೊಂದು, ಬುಟ್ಟಿಯಲ್ಲೊಂದು ವೈರ್‌ಲೆಸ್ ಇತ್ತು.

"ಎಲ್ಲಿದೀಯೇ?" ಎಂದು ಮೇಲಿಂದ ಅಕ್ಕ ಕೇಳುತ್ತಿದ್ದಳು.

"ನಿನ್ನ ಕಾಲ ಕೆಳಗೇ ಇದೀನಿ, ಬಗ್ಗಿ ನೋಡು."

ನನ್ನ ಜೀವನದಲ್ಲಿ ಮೊದಲ ಸಲ ಜನ ನನ್ನ ದಾರಿ ಕಾಯುತ್ತಿದ್ದರು, ಅದೂ ಊಟಕ್ಕಲ್ಲ. ದೊಡ್ಡ ಡಾಕ್ಟರು ಯಾವುದೋ ಹೊಲದ ನಡುವೆ ಬುಟ್ಟಿಗೆ ಒರಗಿಕೊಂಡು ಕೂತಿರುತ್ತಿದ್ದಳು. ನಾನು ಹೋಗದಿದ್ದರೆ ಅವಳಿಗೆ ಅಲ್ಲೇ ವಾಸ. ಭಾನುವಾರ ಮಧ್ಯಾಹ್ನ ಕನ್ನಡದ ಡಾಕ್ಟರುಗಳ ಮನೆಯವರೆಲ್ಲ ಊಟಕ್ಕೆ ಸೇರಿದಾಗ, ಮಂಗಳೂರಿನ ಕ್ರಿಶ್ಚಿಯನ್ ಡಾಕ್ಟರೊಬ್ಬರ ಹೆಂಡತಿ ನನ್ನನ್ನು ರೇಗಿಸುತ್ತಿದ್ದರು. "ಅವರು ಮೇಲೆ ಹಾರೋದು, ನೀವು ಕೆಳಗೆ ಅಟ್ಟಿಸ್ಕೊಂಡು ಹೋಗೋದು. ಮದುವೆ ಆಗಿದ್ರೆ ಗಂಡನ ಹಿಂದೆ ಕೂಡ ಇಷ್ಟು ಓಡ್ಬೇಕಾಗಿರ್ಲಿಲ್ಲ." ಅವರ ಮಕ್ಕಳಿಗೆ ಮಾತ್ರ ಬಲೂನು ಹಾರಿಸುವ ಆಂಟಿಗಿಂತ ಟ್ರೈಲರ್ ಓಡಿಸುವ ಆಂಟಿಯೇ ಹೆಚ್ಚು. ಗಾಡಿಯ ಕೀಲಿಗೊಂಚಲನ್ನು ನಾನು ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುತ್ತಿದ್ದೆ, ಅಡುಗೆ ಮಾಡುವಾಗಲೂ.

ಇದನ್ನೆಲ್ಲ ಯಾಕೆ ಹೇಳಿದೆನೆಂದರೆ, ಮುಂದೆ ನಾನು ಮಾಡಿದ್ದಕ್ಕೆ ಬೇರೆ ಕಾರಣ ಹುಡುಕಬೇಡಿ ಎಂದು.

ಇಳಿಯುವುದು ಯಾವಾಗಲೂ ಬೇರೆಯವರ ಜಮೀನಿನಲ್ಲಿ. ಅದಕ್ಕೆ ಮೇಷ್ಟ್ರ ಕಟ್ಟುನಿಟ್ಟುಗಳು ಬಹಳ ಇದ್ದವು. ಮೊದಲು ಜಮೀನಿನವರನ್ನು ಕಂಡು ಒಪ್ಪಿಗೆ ಕೇಳಬೇಕು. ಬೆಳೆಯ ಮೇಲೆ ಗಾಡಿ ಹೋಗಕೂಡದು. ಹೋಗುವಾಗ ಒಂದು ಬಾಟಲಿ ವೈನ್ ಕೊಟ್ಟು ಬರಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಗೇಟು ಹೇಗಿತ್ತೋ ಹಾಗೇ ಬಿಡಬೇಕು, ಹಾಕಿದ್ದರೆ ಹಾಕಿ, ತೆರೆದಿದ್ದರೆ ತೆರೆದು. ಗಾಡಿಯಲ್ಲಿ ಇಬ್ಬರಿದ್ದರೆ ಗೇಟಿಗೆ ಇಳಿಯುವುದು ಪಕ್ಕದಲ್ಲಿ ಕೂತವರ ಕೆಲಸ, ಓಡಿಸುವವರದಲ್ಲ. ಇದು ಅಲ್ಲಿನ ಹಳ್ಳಿಗಾಡಿನಲ್ಲಿ ಮಗುವಿಗೂ ಗೊತ್ತಿರುವ ವಿಷಯ. ನನಗೂ ಚೆನ್ನಾಗಿ ಗೊತ್ತಿತ್ತು.

ಅಕ್ಕ ಎಲ್ಲ ಮುಗಿಸಿದ್ದಳು. ಪರೀಕ್ಷಕರು ಬರುವುದಕ್ಕೆ ಮುಂಚೆ ಮೇಷ್ಟ್ರ ಜೊತೆ ಒಂದು ಕೊನೆಯ ಹಾರಾಟ ಉಳಿದಿತ್ತು. ಬೇಸಿಗೆಯ ಕೊನೆ, ಬೆಳಿಗ್ಗೆಯೇ ಸೆಕೆ. ಸಂಭ್ರಮಕ್ಕೆ ಅವಳಿಗೆ ಹಿಂದಿನ ರಾತ್ರಿ ಸರಿಯಾಗಿ ನಿದ್ದೆ ಬಂದಿರಲಿಲ್ಲ. ಹಾರಿದ್ದು ಚೆನ್ನಾಗಿತ್ತು, ಇಳಿದದ್ದು ಇನ್ನೂ ಚೆನ್ನಾಗಿತ್ತು. ಕುರಿ ಸಾಕುವ ಒಬ್ಬ ರೈತರ ಬಯಲಿನಲ್ಲಿ, ಮನೆಯ ಮೆಟ್ಟಿಲಿಳಿದ ಹಾಗೆ ಬುಟ್ಟಿ ನೆಲಕ್ಕೆ ಕೂತಿತು. ರೈತರು ತಮ್ಮ ಗಾಡಿಯಲ್ಲೇ ಬಂದು ನಮ್ಮನ್ನು ಮಾತಾಡಿಸಿದರು, ನಾನು ಕೊಟ್ಟ ಚಿತ್ರಾನ್ನ ತಿಂದು ನೀರು ಕುಡಿದರು, ಮತ್ತೆ ನೀರು ಕುಡಿದರು. ಎಲ್ಲ ಕಟ್ಟಿ ಟ್ರೈಲರಿಗೆ ಹಾಕಿದ ಮೇಲೆ ಮೇಷ್ಟ್ರು ರೈತರ ಗಾಡಿ ಹತ್ತಿ ಮುಂದೆ ಅವರ ಮನೆಗೆ ಹೋದರು. ಅಕ್ಕ ನನ್ನ ಪಕ್ಕದ ಸೀಟಿನಲ್ಲಿ ಕೂತಳು, ಕೂತ ತಕ್ಷಣ ನಿದ್ದೆ ಹೋದಳು.

ಆ ಬಯಲಿಗೂ ಪಕ್ಕದ ಬಯಲಿಗೂ ನಡುವೆ ಒಂದು ಗೇಟಿತ್ತು. ಒಳಗೆ ಬರುವಾಗ ಅದು ಹಾರು ಹೊಡೆದಿತ್ತು, ತಂತಿಯಿಂದ ಬೇಲಿಗೆ ಕಟ್ಟಿತ್ತು. ವಾಪಸು ಹೊರಟಾಗ ನಾನು ಅದನ್ನು ದಾಟಿ, ಗಾಡಿ ನಿಲ್ಲಿಸಿ, ಇಳಿದು, ತಂತಿ ಬಿಚ್ಚಿ, ಗೇಟು ಎಳೆದು ತಂದು, ಸರಪಳಿ ಹಾಕಿ, ಭದ್ರವಾಗಿದೆಯೇ ಎಂದು ಒಮ್ಮೆ ಅಲ್ಲಾಡಿಸಿ ನೋಡಿ ಬಂದೆ.

ಯಾಕೆ ಎಂದು ಕೇಳಿದರೆ ಇಷ್ಟೇ ಹೇಳಬಲ್ಲೆ. ಮೈಸೂರಿನ ನಮ್ಮ ಬೀದಿಯಲ್ಲಿ ಹಸುಗಳು ಮನೆಯವರಿಗಿಂತ ಹೆಚ್ಚು ತಿರುಗುತ್ತಿದ್ದವು. ಯಾರು ಗೇಟು ಮರೆತರೂ ಅಪ್ಪನ ದಾಸವಾಳದ ಗಿಡ ಬೋಳು. ಮನೆಯಿಂದ ಯಾರು ಹೊರಟರೂ, ನೆಂಟರೇ ಆಗಲಿ, ಪೋಸ್ಟಿನವನೇ ಆಗಲಿ, ಅಪ್ಪ ಒಳಗಿಂದ "ಗೇಟು!" ಎಂದು ಕೂಗುತ್ತಿದ್ದರು. ಬೇರೆಯವರ ಮನೆಗೆ ಹೋದರೂ ನಮ್ಮ ಕೈ ಅದನ್ನು ಮರೆಯುತ್ತಿರಲಿಲ್ಲ. ತೆರೆದ ಗೇಟು ಬಿಟ್ಟು ಬರುವುದೆಂದರೆ ಊಟಕ್ಕೆ ಕರೆದವರ ಮನೆಯಲ್ಲಿ ಎಲೆ ಒದ್ದು ಬಂದ ಹಾಗೆ. ಆ ರೈತರು ನನ್ನ ಚಿತ್ರಾನ್ನ ಹೊಗಳಿದ್ದರು. ಅವರ ಗೇಟನ್ನು ಮರ್ಯಾದೆಯಾಗಿ ಹಾಕಿ ಬಂದೆ. ಅಕ್ಕ ಎಚ್ಚರವಾಗಿದ್ದಿದ್ದರೆ ಬೈದು ಮತ್ತೆ ತೆಗೆಸುತ್ತಿದ್ದಳು.

ಆ ಕಡೆಯ ಬಯಲಿನ ಕುರಿಗಳಿಗೆ ನೀರಿದ್ದದ್ದು ಈ ಕಡೆಯ ತೊಟ್ಟಿಯಲ್ಲಿ. ಅದಕ್ಕೇ ಗೇಟು ಕಟ್ಟಿಟ್ಟಿದ್ದರು. ರೈತರು ಕೆಲವು ದಿನ ಆ ಮೂಲೆಗೆ ಹೋಗಿರಲಿಲ್ಲ. ಸೆಕೆ ಇಳಿಯಲಿಲ್ಲ. ಅವರು ಹೋಗಿ ನೋಡುವ ಹೊತ್ತಿಗೆ ಕುರಿಗಳು ಗೇಟಿನ ಹತ್ತಿರವೇ ಗುಂಪಾಗಿ ಬಿದ್ದಿದ್ದವು. ಕೆಲವು ಏಳಲೇ ಇಲ್ಲ.

ಮೇಷ್ಟ್ರು ನಮ್ಮ ಮನೆಗೆ ಬಂದು ಇದನ್ನು ಹೇಳಿದರು. ಜೋರು ಮಾಡಲಿಲ್ಲ. ಬಲೂನಿನ ಗುಂಪಿನವರು ಗೇಟಿಗೆ ಏನು ಮಾಡಿದರೂ ಅದಕ್ಕೆ ಹಾರಿಸಿದವರೇ ಹೊಣೆ, ಹಾಗಾಗಿ ಪರೀಕ್ಷೆಯನ್ನು ಒಂದು ತಿಂಗಳು ಮುಂದಕ್ಕೆ ಹಾಕಬೇಕಾಗುತ್ತದೆ ಎಂದರು. ಗೇಟು ಹಾಕಿದ್ದು ಯಾರು ಎಂದು ಕೇಳಿದರು.

ನಾನು ಕಾಫಿ ತರಲು ಎದ್ದೆ. ಗಾಡಿಯ ಕೀಲಿ ಸೊಂಟದಲ್ಲೇ ಇತ್ತು. ನಾನೇ ಎಂದರೆ ಅದನ್ನು ಅಲ್ಲೇ ಕೇಳಿ ಇಸಿದುಕೊಳ್ಳುತ್ತಾರೆ ಎನ್ನುವುದು ಬಿಟ್ಟು ಬೇರೇನೂ ನನ್ನ ತಲೆಗೆ ಬರಲಿಲ್ಲ.

ಅಕ್ಕ ಯೋಚಿಸುತ್ತ ಕೂತಿದ್ದಳು. "ಪಕ್ಕದ ಸೀಟಲ್ಲಿ ಇದ್ದದ್ದು ನಾನು," ಎಂದಳು, ಮೊದಲು ಇಂಗ್ಲಿಷಿನಲ್ಲಿ ಅವರಿಗೆ, ಆಮೇಲೆ ಕನ್ನಡದಲ್ಲಿ ನನಗೆ. "ಗೇಟು ನಂದೇ ಕೆಲಸ. ನಿದ್ದೆಗಣ್ಣಲ್ಲಿ ಇಳಿದು ಹಾಕಿರ್ಬೇಕು. ನೀನು ನೋಡಿದ್ಯೇನೇ?"

"ನಾನು ಮುಂದೆ ನೋಡ್ತಿದ್ದೆ ಅಕ್ಕ," ಎಂದೆ.

ಇಷ್ಟೇ ನಾನು ಹೇಳಿದ್ದು. ಇದರಲ್ಲಿ ಸುಳ್ಳು ಎಲ್ಲಿದೆ ಎಂದು ಅನೇಕ ವರ್ಷ ನನ್ನ ಜೊತೆ ನಾನೇ ವಾದ ಮಾಡಿದ್ದೇನೆ. ಗಾಡಿ ಓಡಿಸುವವರು ಮುಂದೆ ನೋಡದೆ ಇನ್ನೆಲ್ಲಿ ನೋಡುತ್ತಾರೆ?

ಅಕ್ಕ ರೈತರ ಮನೆಗೆ ಹೋಗಿ ತಪ್ಪೊಪ್ಪಿಕೊಂಡು, ಸತ್ತ ಕುರಿಗಳ ಬೆಲೆ ತೆತ್ತು ಬಂದಳು. ತಿಂಗಳಾದ ಮೇಲೆ ಮೇಷ್ಟ್ರೇ ಫೋನು ಮಾಡಿ ಪರೀಕ್ಷಕರು ಬರಲು ತಯಾರಿದ್ದಾರೆ ಎಂದರು. ಅಕ್ಕ ಒಲ್ಲೆ ಎಂದಳು. ಅವರು ಮತ್ತೆ ಕೇಳಿದರು. ತನ್ನ ಕೈ ಏನು ಮಾಡಿತು ಎಂದು ತನಗೇ ನೆನಪಿಲ್ಲದ ಮೇಲೆ ಅದೇ ಕೈಗೆ ಬಲೂನು ಕೊಡುವುದು ತಪ್ಪು ಎಂದಳು. ಅಲ್ಲಿಗೆ ಆ ಶನಿವಾರ ಭಾನುವಾರಗಳು ಮುಗಿದವು. ಗಾಡಿ, ಟ್ರೈಲರ್ ಎಲ್ಲ ಮೇಷ್ಟ್ರ ಗುಂಪಿನವು. ಯಾವ ಕೀಲಿಗಾಗಿ ಬಾಯಿ ಮುಚ್ಚಿಕೊಂಡಿದ್ದೆನೋ ಅದನ್ನು ನಾನೇ ಒಯ್ದು ಕೊಟ್ಟು ಬಂದೆ. ಇದರಲ್ಲಿ ನಗುವಂಥದ್ದು ಇದೆ ಎಂದು ನನಗೆ ಈಗ ಕಾಣುತ್ತದೆ.

ಎಂಬತ್ತರ ದಶಕ ಶುರುವಾಗಿ ಸ್ವಲ್ಪ ದಿನಕ್ಕೆ ನಾವು ಬ್ರಿಸ್ಬೇನಿಗೆ ಹೋದೆವು. ಟೂವಾಂಗ್‌ನಲ್ಲಿ ಬಾಡಿಗೆ ಮನೆ, ಸುತ್ತ ಓದುವ ಹುಡುಗ ಹುಡುಗಿಯರು, ಅವರ ಸೈಕಲ್ಲು, ಅವರ ಗಿಟಾರು. ಅಲ್ಲಿ ಅಕ್ಕನಿಗೆ ಒಂದು ಹೊಸ ಚಾಳಿ ಹತ್ತಿತು. ಮನೆ ಬಿಡುವಾಗ ಒಲೆಯ ಗುಂಡಿ ನೋಡುವುದು, ಬಾಗಿಲು ಎಳೆದು ನೋಡುವುದು, ಮೆಟ್ಟಿಲಿಳಿದವಳು ಮತ್ತೆ ಹತ್ತಿ ಬಂದು ಗುಂಡಿ ನೋಡುವುದು. ನಾನು ಒಳಗೇ ಇದ್ದರೂ ನೋಡುತ್ತಿದ್ದಳು. "ನಾನು ಇಲ್ಲೇ ಇದೀನಲ್ಲೇ, ಒಲೆ ನನ್ನ ಬಿಟ್ಟು ಎಲ್ಲಿ ಹೋಗುತ್ತೆ?" ಎಂದು ರೇಗಿಸುತ್ತಿದ್ದೆ. ಕಾರಣ ಗೊತ್ತಿದ್ದೂ ರೇಗಿಸುತ್ತಿದ್ದೆ. ಆಸ್ಪತ್ರೆಯಲ್ಲಿ ಪ್ರತಿ ಔಷಧಿಯ ಚೀಟಿಯನ್ನು ತಾನು ಓದಿ, ನರ್ಸ್ ಕೈಲಿ ಓದಿಸಿ, ಮತ್ತೆ ತಾನು ಓದುತ್ತಿದ್ದಳಂತೆ. ಅದರಿಂದ ಅವಳಿಗೆ ಒಳ್ಳೆಯ ಹೆಸರೇ ಬಂತು. ಅವಳಷ್ಟು ಎಚ್ಚರಿಕೆಯ ಡಾಕ್ಟರು ಇನ್ನೊಬ್ಬರಿಲ್ಲ ಎಂದು ಅವಳ ಜೊತೆಯವರು ಊಟಕ್ಕೆ ಬಂದು ನನ್ನ ಮುಂದೆ ಹೊಗಳುತ್ತಿದ್ದರು. ನಾನು ಅವರಿಗೆ ಎರಡನೇ ಸಲ ಅನ್ನ ಬಡಿಸುವ ನೆಪದಲ್ಲಿ ಅಡುಗೆಮನೆಗೆ ಹೋಗುತ್ತಿದ್ದೆ.

ಹೀಗೇ ಸಾಯುವ ತನಕ ನಡೆದುಬಿಡುತ್ತಿತ್ತೇನೋ. ಒಂದು ಮಧ್ಯಾಹ್ನ ನಾನು ಸನ್ನಿಬ್ಯಾಂಕ್‌ನ ಚೀನೀ ಅಂಗಡಿಯಿಂದ ತಂದ ಉದ್ದನೆಯ ಅಲಸಂದೆ ಕಾಯಿ ಮುರಿಯುತ್ತ ಕೂತಿದ್ದೆ. ಅಕ್ಕ ಎದುರು ಬಂದು ಕೂತು, ಸುಮ್ಮನೆ ಒಂದು ಕಾಯಿ ಕೈಗೆತ್ತಿಕೊಂಡು, ಆಪರೇಷನ್ ಥಿಯೇಟರ್ ಬಿಡುತ್ತಿದ್ದೇನೆ ಎಂದಳು. ಇನ್ನು ಮೇಲೆ ಹೊರರೋಗಿಗಳನ್ನು ನೋಡುವುದು, ಮೆಡಿಕಲ್ ಓದುವ ಮಕ್ಕಳಿಗೆ ಪಾಠ ಮಾಡುವುದು ಅಷ್ಟೇ. ವಯಸ್ಸಾಯಿತು, ದಣಿವಾಗುತ್ತದೆ ಎಂದಳು.

"ನಿಂಗೆ ಯಾವಾಗ ದಣಿವಾಗಿದೆ?" ಎಂದೆ.

"ದಣಿದಾಗ ನನ್ನ ಕೈ ನನಗೆ ಹೇಳ್ದೆ ಕೆಲಸ ಮಾಡುತ್ತೆ ಕಣೇ. ಒಂದ್ಸಲ ಮಾಡಿದೆ. ಆವತ್ತು ಕುರಿಗಳು. ಮುಂದೆ ಯಾರೋ?"

ಕಾಯಿ ಮುರಿಯುವುದನ್ನು ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಮಾತು ಬರುತ್ತಿರಲಿಲ್ಲ.

"ಗೇಟು ಹಾಕಿದ್ದು ನಾನು," ಎಂದೆ.

"ಯಾವ ಗೇಟು?"

"ಆ ಗೇಟು. ನೀನು ಇಳಿಯಲೇ ಇಲ್ಲ. ನಾನೇ ಇಳಿದು ಹಾಕಿದೆ."

"ನಾನು ನಿದ್ದೆ ಮಾಡ್ತಿದ್ನಾ?"

"ಗೊರಕೆ ಹೊಡೀತಿದ್ದೆ."

"ನಾನು ಗೊರಕೆ ಹೊಡೆಯಲ್ಲ," ಎಂದಳು.

ಕೈಯಲ್ಲಿದ್ದ ಕಾಯಿಯನ್ನು ಸಣ್ಣ ಸಣ್ಣಗೆ ಮುರಿದು, ನಾರು ತೆಗೆಯದೇ, ನನ್ನ ಪಾತ್ರೆಗೆ ಹಾಕಿದಳು. ಆಮೇಲೆ ಮೆಲ್ಲಗೆ ಹೇಳಿದಳು, "ಇಷ್ಟು ವರ್ಷ ನಾನು ನನ್ನ ಕೈನೇ ನಂಬಲಿಲ್ಲ. ನಂಬಬಾರದಾಗಿದ್ದದ್ದು ನಿನ್ನ ಬಾಯಿ." ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದಳು. ಒಲೆಯ ಕಡೆ ತಿರುಗಿಯೂ ನೋಡಲಿಲ್ಲ.

ಅಕ್ಕ ಬೈಯುತ್ತಾಳೆ, ಊಟ ಬಿಡುತ್ತಾಳೆ, ಊರಿಗೆ ಹೋಗು ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಮಾಡಿದ್ದು ಅದಕ್ಕಿಂತ ಕೆಟ್ಟದ್ದು. ನನ್ನ ಜೊತೆ ಇಂಗ್ಲಿಷಿನಲ್ಲಿ ಮಾತಾಡಲು ಶುರು ಮಾಡಿದಳು. ಉಪ್ಪು ಬೇಕಾದರೆ ಪ್ಲೀಸ್, ಕೊಟ್ಟರೆ ಥ್ಯಾಂಕ್ಯೂ. ಆಸ್ಪತ್ರೆಗೆ ಹೊರಡುವಾಗ ಹ್ಯಾವ್ ಎ ನೈಸ್ ಡೇ. ರೋಗಿಗಳ ಕಡೆಯವರ ಹತ್ತಿರ ಎಷ್ಟು ಮರ್ಯಾದೆಯಿಂದ ಇರುತ್ತಾಳೋ ಅಷ್ಟು ಮರ್ಯಾದೆ ನನಗೂ ಕೊಟ್ಟಳು. ಅಮ್ಮ ಹೋದಾಗ ಕೂಡ ನಾನು ಅಷ್ಟು ಒಂಟಿಯಾಗಿರಲಿಲ್ಲ. ವಾರ ಕಳೆದು ಒಂದು ದಿನ ಸಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು. ಬಾಯಿಗಿಟ್ಟವಳೇ "ಕತ್ತೆ" ಎಂದಳು. ನಾನು ಬಚ್ಚಲಿಗೆ ಹೋಗಿ ಅತ್ತು ಬಂದೆ.

ಥಿಯೇಟರ್ ಬಿಡುವ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ಮೇಷ್ಟ್ರಿಗೆ ಫೋನು ಮಾಡಿ, ರೈತರ ನಂಬರು ತೆಗೆದುಕೊಂಡು, ಅದನ್ನು ತಿರುಗಿಸಿ ಫೋನನ್ನು ನನ್ನ ಕೈಗೆ ಕೊಟ್ಟಳು. ನನಗೆ ಇದ್ದಷ್ಟು ಇಂಗ್ಲಿಷಿನಲ್ಲಿ ಹೇಳಿದೆ. ಅಕ್ಕನ ತಪ್ಪಲ್ಲ, ನನ್ನದು, ಅವಳು ನಿದ್ದೆ ಮಾಡುತ್ತಿದ್ದಳು. ಅವರು ಜಮೀನು ಮಾರಿ ಸಮುದ್ರದ ದಂಡೆಯ ಊರಿಗೆ ಹೋಗಿ ನೆಲೆಸಿದ್ದರು. ನಾನು ಹೇಳಿದ್ದೆಲ್ಲ ಕೇಳಿ, ಕುರಿಗಳ ಬಗ್ಗೆ ಒಂದು ಮಾತೂ ಆಡದೆ, ನಿಮ್ಮ ಅಕ್ಕನಿಗೆ ಆ ಲೈಸೆನ್ಸು ಸಿಕ್ಕಿತೇ ಎಂದು ಕೇಳಿದರು. ಇಲ್ಲ ಎಂದೆ. ಅಯ್ಯೋ, ಅಷ್ಟು ಚೆನ್ನಾಗಿ ಇಳಿಸಿದ್ದರಲ್ಲ ಎಂದರು. ಬೈದಿದ್ದರೆ ಸಹಿಸಿಕೊಳ್ಳಬಹುದಿತ್ತು.

ಆ ಮಾತನ್ನು ಅಕ್ಕನಿಗೆ ತಲುಪಿಸಿದೆ. ಆ ತಿಂಗಳೇ ಅವಳು ಬ್ರಿಸ್ಬೇನಿನ ಪಶ್ಚಿಮದ ಬಯಲಿನಲ್ಲಿ ಹಾರಿಸುವವರನ್ನು ವಿಚಾರಿಸಿ ಬಂದಳು. ಬಿಟ್ಟು ವರ್ಷಗಳಾಗಿದ್ದರಿಂದ ಪುಸ್ತಕ, ಪರೀಕ್ಷೆ, ಗಂಟೆಗಳು, ಬಹಳಷ್ಟು ಮತ್ತೆ ಮೊದಲಿನಿಂದ. ಐವತ್ತರ ಹತ್ತಿರದ ಹೆಂಗಸು ಇಪ್ಪತ್ತರ ಹುಡುಗರ ಜೊತೆ ಗಾಳಿಯ ಪಾಠಕ್ಕೆ ಕೂತಳು. ಗಾಡಿ ಓಡಿಸಲು ಅವರಲ್ಲೇ ಜನರಿದ್ದರು. ನಾನು ಕೇಳುವುದಿಲ್ಲ ಎಂದು ಮೊದಲೇ ಗಟ್ಟಿ ಮಾಡಿಕೊಂಡಿದ್ದೆ, ಕೇಳಲೂ ಇಲ್ಲ.

"ನೀನೇ ಓಡಿಸ್ಬೇಕು," ಎಂದಳು ಅಕ್ಕ. "ಮನೇಲಿ ಬಿಟ್ಟು ಹೋದ್ರೆ ನಿಂಗೆ ಸುಲಭ ಆಗ್ಬಿಡುತ್ತೆ. ಪ್ರತಿ ಗೇಟಿಗೂ ವೈರ್‌ಲೆಸ್‌ನಲ್ಲಿ ನನಗೆ ಹೇಳ್ಬೇಕು. ಹೇಗಿತ್ತು, ಹೇಗೆ ಬಿಟ್ಟೆ, ಎರಡೂ."

"ಎಲ್ಲರಿಗೂ ಕೇಳ್ಸುತ್ತೆ ಅಕ್ಕ."

"ಕೇಳ್ಸಲಿ."

ಹೀಗೆ ಆ ಬಯಲಿನ ಬಲೂನಿನವರೆಲ್ಲ ಪ್ರತಿ ವಾರ ಕನ್ನಡ ಕೇಳಿದರು. ಹಾಕಿತ್ತು, ತೆಗೆದೆ, ದಾಟಿದೆ, ಹಾಕಿದೆ. ತೆರೆದಿತ್ತು, ಹಾಗೇ ಬಿಟ್ಟೆ. ಕೆಲವು ವಾರಗಳಲ್ಲಿ ಬೇರೆ ಗಾಡಿಯ ಹುಡುಗರು ನನ್ನನ್ನು ಅಣಕಿಸಲು "ಹಾಕಿದೆ, ಹಾಕಿದೆ" ಎಂದು ಕಲಿತಿದ್ದರು.

ಪರೀಕ್ಷಕರು ಬಂದ ದಿನ ಬಯಲಿನಲ್ಲಿ ತೆಳ್ಳಗೆ ಮಂಜಿತ್ತು. ಅಕ್ಕ ಅದು ಕರಗುವ ತನಕ ಕಾದು, ಆಮೇಲೆ ಬಲೂನು ಏರಿಸಿದಳು. ನಾನು ಕೆಳಗಿಂದ ನೋಡುತ್ತಲೇ ಇದ್ದೆ. ಇಳಿದದ್ದು ದನ ಮೇಯುವ ಒಂದು ದೊಡ್ಡ ಜಮೀನಿನ ಒಳಭಾಗದಲ್ಲಿ. ಮನೆಯವರ ಒಪ್ಪಿಗೆ ಕೇಳಿ ಒಳಗೆ ಹೊರಟೆ. ಮೊದಲ ಗೇಟು ಹಾಕಿತ್ತು, ತೆಗೆದು ದಾಟಿ ಹಾಕಿ ವರದಿ ಒಪ್ಪಿಸಿದೆ. ಎರಡನೆಯದು ಹಾರು ಹೊಡೆದಿತ್ತು. ದಾಟಿದ ಮೇಲೆ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಇಳಿದೇಬಿಟ್ಟೆ. ಗೇಟಿನ ಮೇಲೆ ಕೈ ಇಟ್ಟು ನಿಂತೆ. ದನಗಳೆಲ್ಲ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದವು. ಕೈ ತೆಗೆದು ವಾಪಸು ಬಂದು ಕೂತೆ.

"ತೆರೆದಿತ್ತು. ಹಾಕೋಕೆ ಹೋಗಿದ್ದೆ. ಹಾಕಲಿಲ್ಲ, ತೆರೆದೇ ಬಿಟ್ಟಿದೀನಿ," ಎಂದೆ ವೈರ್‌ಲೆಸ್‌ನಲ್ಲಿ.

"ಸರಿ, ಬಾ," ಎಂದಳು ಅಕ್ಕ.

ಇದೇನು ಬೆಳಿಗ್ಗೆಯಿಂದ ನಡೆಯುತ್ತಿರುವ ಮಾತು ಎಂದು ಪರೀಕ್ಷಕರು ಕೇಳಿದರಂತೆ. ನನ್ನ ತಂಗಿ ನಿಜ ಹೇಳುತ್ತಿದ್ದಾಳೆ, ಅವಳಿಗೆ ಅಭ್ಯಾಸ ಆಗಬೇಕಾಗಿದೆ ಎಂದು ಅಕ್ಕ ಹೇಳಿದಳಂತೆ. ನಾನು ಹೋಗಿ ತಲುಪುವ ಹೊತ್ತಿಗೆ ಅವರು ಅವಳ ಕೈ ಕುಲುಕುತ್ತಿದ್ದರು.

ವಾಪಸು ಬರುವಾಗ ಅಕ್ಕ ನನ್ನ ಪಕ್ಕ ಕೂತಿದ್ದಳು. ಜಾವದಲ್ಲೇ ಎದ್ದವಳು, ಕಣ್ಣು ಎಳೆಯುತ್ತಿತ್ತು. ಸೀಟು ಹಿಂದಕ್ಕೆ ಮಾಡಿಕೊಂಡು ಮಲಗು, ನಾನಿದ್ದೇನಲ್ಲ ಎಂದೆ.

"ಬೇಡ," ಎಂದು ಕಿಟಕಿ ಇಳಿಸಿ ಮುಖಕ್ಕೆ ಗಾಳಿ ಬಿಟ್ಟುಕೊಂಡಳು. "ಎದ್ದ ಮೇಲೆ ಲೈಸೆನ್ಸ್ ಸಿಕ್ಕಿದ್ದು ನಿಜಾನಾ ಅಂತ ನಿನ್ನನ್ನೇ ಕೇಳ್ಬೇಕಾಗುತ್ತೆ. ನಿನ್ನ ಸಾಕ್ಷಿ ನನಗೆ ಬೇಡ."

ಮನೆ ಮುಟ್ಟುವ ತನಕ ಅವಳು ಕಣ್ಣು ಮುಚ್ಚಲಿಲ್ಲ.